ಹೋಲ್ಡ್ ಹಾಡಿನ ಮಾಸ್ಟರು

ಕುವೈತಿನ ಮೈದಾನ್ ಹವಲ್ಲಿಯ ಆ ಹಳೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಎದುರುಬದುರಾಗಿ ಎರಡು ಮನೆ. ಒಂದರಲ್ಲಿ ಅರಸೀಕೆರೆ ಕಡೆಯ ಪಾವನಾ, ಅವಳ ಗಂಡ ಮೋಹಿತ್, ಹನ್ನೊಂದು ವರ್ಷದ ಮಗಳು ನಿಧಿ. ಇನ್ನೊಂದರಲ್ಲಿ ಗಿಟಾರ್ ಕಲಿಸುವ ಆನ್ಸೆಲ್ಮೊ ಮಾಸ್ಟರು ಮತ್ತು ಅವರ ಹೆಂಡತಿ ಲಿಜ್ಜಿ. ಮಾಸ್ಟರು ಬ್ರೆಜಿಲ್ ದೇಶದವರು, ಲಿಜ್ಜಿ ಕಿನ್ನಿಗೋಳಿಯವರು. ಈ ಜೋಡಿ ಹೇಗೆ ಕೂಡಿಬಂತು ಎಂದು ಕಟ್ಟಡಕ್ಕೆ ಹೊಸದಾಗಿ ಬಂದವರೆಲ್ಲ ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಿದ್ದರು.

ಮಾಸ್ಟರು ಎತ್ತರದ, ಸಣಕಲು ಮೈಯ ಮನುಷ್ಯ. ಐವತ್ತಾರರ ವಯಸ್ಸಿಗೇ ತಲೆ ಪೂರ್ತಿ ಬೆಳ್ಳಗಾಗಿತ್ತು. ಬಲಗೈ ಉಗುರುಗಳನ್ನು ಉದ್ದಕ್ಕೆ ಬಿಟ್ಟು, ಎಡಗೈಯವನ್ನು ಬುಡದವರೆಗೆ ಕತ್ತರಿಸಿಕೊಂಡಿರುತ್ತಿದ್ದರು. ಇದು ಯಾವ ಬಗೆಯ ಹರಕೆಯೋ ಎಂದು ಕಟ್ಟಡ ನೋಡಿಕೊಳ್ಳುವ ಈಜಿಪ್ಟಿನ ಹಾರಿಸ್ ಪಾವನಾಳನ್ನು ಗುಟ್ಟಾಗಿ ವಿಚಾರಿಸಿದ್ದ. ಕನ್ನಡದಲ್ಲಿ ಮಾಸ್ಟರಿಗೆ ತಡವರಿಸದೆ ಬರುತ್ತಿದ್ದದ್ದು ಒಂದೇ ಒಂದು ಪ್ರಶ್ನೆ. ಬೆಳಿಗ್ಗೆ ಸ್ಕೂಲ್ ಬಸ್ಸಿಗೆ ಓಡುವ ನಿಧಿಗೂ ಅವರು ಕೇಳುತ್ತಿದ್ದದ್ದು ಅದನ್ನೇ: "ಊಟ ಆಯ್ತಾ?"

"ಅಂಕಲ್, ಇಟ್ಸ್ ಮಾರ್ನಿಂಗ್!" ಎಂದು ಅವಳು ನಗುತ್ತ ಮೆಟ್ಟಿಲು ಇಳಿಯುತ್ತಿದ್ದಳು.

ನಿಧಿ ವಾರಕ್ಕೆ ಎರಡು ಸಂಜೆ ಅವರ ಹತ್ತಿರ ಗಿಟಾರ್ ಕಲಿಯುತ್ತಿದ್ದಳು. ಅವಳನ್ನು ಕರೆತರಲು ಹೋದ ಪಾವನಾ ಲಿಜ್ಜಿಯ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಕೂತುಬಿಡುತ್ತಿದ್ದಳು. ಮಾಸ್ಟರ ಬದುಕಿನ ಅರ್ಧ ಭಾಗ ಅವಳಿಗೆ ಗೊತ್ತಾದದ್ದು ಆ ಅಡುಗೆಮನೆಯಲ್ಲಿ, ಲಿಜ್ಜಿಯ ಬಾಯಿಂದ.

"ನಾನು ಆಗ ಹೊಸತಾಗಿ ಬಂದ ನರ್ಸ್," ಎಂದು ಲಿಜ್ಜಿ ಶುರುಮಾಡಿದ್ದರು. "ವಾರ್ಡಿನಲ್ಲಿ ಒಬ್ಬ ಜ್ವರದ ಪೇಷಂಟ್. ಹೋಟೆಲಿನವರು ತಂದು ಹಾಕಿ ಹೋದದ್ದು. ಇಂಗ್ಲಿಷು ಸಾ ಸರಿ ಬರುದಿಲ್ಲ, ಅರಬ್ಬಿ ಸಾ ಇಲ್ಲ. ಧೂಳುಗಾಳಿ ಬೀಸ್ತಾ ಇತ್ತು. ನಾನು ನಮ್ಮ ಊರಿನದ್ದೇ ಇನ್ನೊಬ್ಬಳಿಗೆ ಕೊಂಕಣಿಯಲ್ಲಿ ಹೇಳಿದೆ, 'ಜನೆಲ್ ಧಾಂಪ್, ಕದೆಲ್ ಹಾಂಗಾ ಹಾಡ್' ಅಂತ. ಕಿಟಕಿ ಮುಚ್ಚು, ಕುರ್ಚಿ ಇಲ್ಲಿ ತಾ. ಅಷ್ಟೇ. ಈ ಜನ ಹಾಸಿಗೆಯಲ್ಲಿ ಎದ್ದು ಕೂತು ಅಳ್ಳಿಕ್ಕೆ ಶುರು!"

"ಯಾಕೆ?"

"ಅವರ ಪೋರ್ಚುಗೀಸಿನಲ್ಲಿ ಸಾ ಕಿಟಕಿಗೆ ಜನೇಲಾ, ಕುರ್ಚಿಗೆ ಕದೇರಾ. ಜ್ವರದಲ್ಲಿ ಇವರಿಗೆ ತಾಯಿ ಬಂದು ಮಾತಾಡಿದ ಹಾಗೆ ಆಯ್ತಂತೆ. ನಾನು ಮಾತ್ರ ಇಂಜೆಕ್ಷನ್ ರಿಯಾಕ್ಷನ್ ಆಯ್ತು ಅಂತ ಡಾಕ್ಟರನ್ನು ಕರೆದೆ ಮಾರಾಯ್ರೆ."

ಜ್ವರ ಬಿಟ್ಟ ಮೇಲೂ ಆ ಪೇಷಂಟು ಆಸ್ಪತ್ರೆಯ ಬಾಗಿಲಿಗೆ ಬರುವುದು ನಿಲ್ಲಲಿಲ್ಲ. ಒಂದೊಂದು ಸಲಕ್ಕೆ ಒಂದೊಂದು ವಸ್ತುವನ್ನು ತೋರಿಸಿ ನಿಮ್ಮಲ್ಲಿ ಇದಕ್ಕೇನು ಹೇಳುತ್ತೀರಿ ಎಂದು ಕೇಳುತ್ತಿದ್ದ. ಮೇಜು, ಸಾಬೂನು, ಚರ್ಚಿಗೆ ಹೇಳುವ ಇಗರ್ಜಿ ಎಲ್ಲ ಮುಗಿಯುವ ಹೊತ್ತಿಗೆ ಎರಡು ವರ್ಷ ಕಳೆದು, ಲಿಜ್ಜಿಯ ಅಣ್ಣಂದಿರು ಕಿನ್ನಿಗೋಳಿಯಲ್ಲಿ ತಲೆ ಚಚ್ಚಿಕೊಳ್ಳುತ್ತಿರುವಾಗಲೇ ಮದುವೆಯಾಗಿತ್ತು. ಗಿಟಾರ್ ಬಾರಿಸುವವನಿಗೆ ಹೆಣ್ಣು ಕೊಡುವುದೇ ಎಂದು ಹಟ ಹಿಡಿದಿದ್ದ ಹಿರಿಯಣ್ಣ ಕೊನೆಗೆ ಸೋತದ್ದು ಭಾವನ ಹೆಸರಿಗೆ. ಆನ್ಸೆಲ್ಮೊ ರೆಬೆಲೊ. ಲಿಜ್ಜಿಯ ತವರಿನವರೂ ರೆಬೆಲ್ಲೊಗಳೇ.

ಉಳಿದ ಅರ್ಧವನ್ನು ಮಾಸ್ಟರೇ ಆಗೀಗ ಹೇಳಿದ್ದರು. ಬ್ರೆಜಿಲಿನ ಒಳನಾಡಿನಲ್ಲಿ, ಬೆಟ್ಟಗಳ ನಡುವೆ, ರೈಲು ನಿಲ್ಲುವ ಒಂದು ಸಣ್ಣ ಪೇಟೆ. ಅಪ್ಪನದು ಕ್ಷೌರದಂಗಡಿ. ಅಂಗಡಿಯ ಗೋಡೆಗೆ ಒಂದು ಗಿಟಾರ್ ತೂಗುಹಾಕಿರುತ್ತಿತ್ತು. ಸರದಿಗಾಗಿ ಕೂತ ಗಿರಾಕಿಗಳಲ್ಲಿ ಬಲ್ಲವರು ಯಾರಾದರೂ ಅದನ್ನು ಕೆಳಗಿಳಿಸಿ ನುಡಿಸುತ್ತಿದ್ದರು. ಹುಡುಗ ಆನ್ಸೆಲ್ಮೊ ಕೂದಲು ಗುಡಿಸುತ್ತ ಅವರ ಬೆರಳು ನೋಡಿಯೇ ಕಲಿತ. ಸ್ಟೇಷನ್ ಮಾಸ್ಟರರಿಂದ ವಾಲ್ಟ್ಸ್ ಕುಣಿತದ ಒಂದು ಧಾಟಿ, ಬೇಕರಿಯವನಿಂದ ಹೆಬ್ಬೆರಳಿನ ನಡೆ, ಹೆಸರು ಗೊತ್ತಿಲ್ಲದ ಒಬ್ಬ ಲಾರಿ ಡ್ರೈವರನಿಂದ ಶೋರೊ. ಶೋರೊ ಎಂದರೆ ಅವರ ಭಾಷೆಯಲ್ಲಿ ಅಳು. ಹೆಸರು ಹಾಗಿದ್ದರೂ ಆ ಸಂಗೀತ ಕೇಳಿದವರ ಕಾಲು ಸುಮ್ಮನೆ ಇರುವುದಿಲ್ಲ.

ಇಪ್ಪತ್ತು ತುಂಬುವ ಮೊದಲೇ ಮಹಾನಗರ ಸೇರಿದರು. ಊಟದ ಹೋಟೆಲುಗಳಲ್ಲಿ ನುಡಿಸಿದರು, ಹಾಡುಗಾರರ ಹಿಂದೆ ಕೂತು ನುಡಿಸಿದರು. ತಮ್ಮವೇ ಆದ ರಚನೆಗಳು ಹತ್ತಾರು ತಲೆಯಲ್ಲಿದ್ದವು. ಕೇಳುವವರು ಇರಲಿಲ್ಲ. ಮೂವತ್ತೊಂದರಲ್ಲಿ, ಒಬ್ಬ ಹಾಡುಗಾರ್ತಿ, ಒಬ್ಬ ತಾಳದವನ ಜೊತೆ ಆರು ತಿಂಗಳ ಕಾಂಟ್ರಾಕ್ಟಿಗೆ ಕುವೈತಿನ ಒಂದು ಹೋಟೆಲಿಗೆ ಬಂದರು. ಅವರಿಬ್ಬರು ಅವಧಿ ಮುಗಿದ ಮೇಲೆ ವಾಪಸಾದರು. ಇವರು ಜನೇಲಾ, ಕದೇರಾ ಎನ್ನುತ್ತ ಉಳಿದುಬಿಟ್ಟರು. ಹೋಟೆಲಿನ ಚಹಾ ಕುಡಿಯುವ ಜಾಗದಲ್ಲಿ, ತಾಳೆಗಿಡದ ಕುಂಡದ ಪಕ್ಕದ ಕುರ್ಚಿಯಲ್ಲಿ ಹದಿನೆಂಟು ವರ್ಷ ಸಂಜೆಯೆಲ್ಲ ನುಡಿಸಿದರು. ಹೋಟೆಲು ಕೈ ಬದಲಾದಾಗ ಹೊಸ ಮಾಲೀಕರು ಸ್ಪೀಕರ್ ಹಾಕಿಸಿದರು. ಅವರಿಗೆ ಮನುಷ್ಯ ಬೇಕಿರಲಿಲ್ಲ. ಅಲ್ಲಿಗೆ ಹೋಟೆಲಿನ ಕೆಲಸ ಖಲಾಸ್. ಹವಲ್ಲಿಯ ಸಂಗೀತ ಶಾಲೆಯೊಂದು ಇಲ್ಲಿ ಉಳಿಯುವ ಪರವಾನಗಿಯಾದ ಇಕಾಮಾ ಕೊಟ್ಟು ಕರೆದುಕೊಂಡಿತು. ಅಂದಿನಿಂದ ಮಕ್ಕಳಿಗೆ ಪಾಠ.

"ಬೇಜಾರಾಗಲಿಲ್ವಾ ಸರ್?" ಎಂದು ಪಾವನಾ ಒಮ್ಮೆ ಕೇಳಿದ್ದಳು.

"ನನ್ನ ಅಪ್ಪ ದಿನಕ್ಕೆ ಎಷ್ಟು ತಲೆ ಕತ್ತರಿಸಿದರೋ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ," ಎಂದು ಅವರು ನಕ್ಕಿದ್ದರು. ಮಾಸ್ಟರ ಇಂಗ್ಲಿಷಿನಲ್ಲಿ ಪೋರ್ಚುಗೀಸಿನ ರಾಗ, ಲಿಜ್ಜಿಯಿಂದ ಬಂದ "ಮಾರಾಯ್ತಿ" ಎರಡೂ ಸೇರಿಕೊಂಡಿರುತ್ತಿದ್ದವು.

ಪಾವನಾಳಿಗೂ ಹೇಳಿಕೊಳ್ಳಲು ಒಂದು ಕತೆಯಿತ್ತು. ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ ಕುವೈತಿಗೆ ಬಂದವಳು ಗಂಡನ ವೀಸಾದ ಮೇಲೆ ಆರು ವರ್ಷ ಮನೆಯಲ್ಲೇ ಕೂತಿದ್ದಳು. ಈಗ ಹವಲ್ಲಿಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಇನ್ಶೂರೆನ್ಸ್ ನೋಡಿಕೊಳ್ಳುವ ಕೆಲಸ. ರೋಗಿಯ ಬಾಯಿ ತೆರೆಸಿ ಡಾಕ್ಟರು ಕಾಯುತ್ತಿರುವಾಗ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ ಮಂಜೂರಾತಿ ಪಡೆಯಬೇಕು. ದೊಡ್ಡ ಕಂಪನಿಯೊಂದಕ್ಕೆ ಮಾಡಿದರಂತೂ ಆಚೆ ಕಡೆಯವರು ಹೋಲ್ಡಿನಲ್ಲಿ ಹಾಕಿ ಎಲ್ಲಿಗೋ ಹೋಗಿಬಿಡುತ್ತಿದ್ದರು. ಆಗ ಗಿಟಾರಿನ ಒಂದು ಸಣ್ಣ ನುಡಿಕೆ ಬರುತ್ತಿತ್ತು. ಯಾರೋ ಬಾಗಿಲಿನಿಂದ ಇಣುಕಿ ನೋಡಿ ಹಿಂದೆ ಸರಿದ ಹಾಗೆ ಮೂರು ಸ್ವರ ಮೇಲೇರಿ ಇಳಿಯುವುದು, ಕೆಳಗೆ ದಪ್ಪ ತಂತಿ ನಿಧಾನವಾಗಿ ನಡೆಯುವುದು. ಇನ್ನೇನು ಎಲ್ಲಿಗೋ ಹೊರಟಿತು ಎನ್ನುವಷ್ಟರಲ್ಲಿ ಪಟಕ್ಕನೆ ಕತ್ತರಿಸಿ ಒಂದು ಹೆಣ್ಣುದನಿ ಮೊದಲು ಅರಬ್ಬಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ದಯವಿಟ್ಟು ಕಾಯಿರಿ ಎನ್ನುತ್ತಿತ್ತು. ಮತ್ತೆ ಮೊದಲಿನಿಂದ ಅದೇ. ಕ್ಲಿನಿಕ್ಕಿನಲ್ಲಿ ಎಲ್ಲರೂ ಅದನ್ನು ಹೋಲ್ಡ್ ಹಾಡು ಎನ್ನುತ್ತಿದ್ದರು. ಪಾವನಾ ಸಾರಿಗೆ ಒಗ್ಗರಣೆ ಹಾಕುವಾಗಲೂ ಅದನ್ನೇ ಗುನುಗುತ್ತಿದ್ದಳು, ತನಗೇ ಗೊತ್ತಿಲ್ಲದೆ.

ಕಳೆದ ವರ್ಷ ಬೇಸಿಗೆಯ ಕೊನೆಯಲ್ಲಿ ಲಿಜ್ಜಿಯ ಮಂಡಿ ಊದಿಕೊಂಡಿತು. ಸ್ಕ್ಯಾನ್ ಮಾಡಿಸಬೇಕು ಎಂದರು ಡಾಕ್ಟರು. ಇನ್ಶೂರೆನ್ಸ್ ಕಂಪನಿ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಲಿಜ್ಜಿ ಸೋತು ಪಾವನಾಳನ್ನು ಕರೆದರು.

"ನಾನು ಎಷ್ಟು ಸಲ ಮಾಡಿದೆ ಗೊತ್ತುಂಟಾ? ಅವರು ಎಂತದೋ ಕೋಡ್ ಕೇಳ್ತಾರೆ. ನಿಮಗೆ ಅವರ ಭಾಷೆ ಗೊತ್ತುಂಟಲ್ಲ, ನೀವೇ ಮಾತಾಡಿ."

"ಅದಕ್ಕೇನಕ್ಕ, ಕೊಡಿ ಇಲ್ಲಿ. ಇದು ನನ್ನ ದಿನದ ಕೆಲಸ," ಎಂದು ಪಾವನಾ ಫೋನನ್ನು ಸ್ಪೀಕರಿಗೆ ಹಾಕಿ ಊಟದ ಮೇಜಿನ ಮೇಲಿಟ್ಟಳು. ಆಚೆಯವನು ನಂಬರ್ ಕೇಳಿದ, ಕೊಟ್ಟಳು. ಒಂದು ನಿಮಿಷ ಎಂದ. ಹೋಲ್ಡ್ ಹಾಡು ಶುರುವಾಯಿತು.

ಒಲೆಯ ಮುಂದೆ ಕಾಫಿ ಸೋಸುತ್ತಿದ್ದ ಮಾಸ್ಟರ ಕೈ ನಿಂತಿತು. ಬಟ್ಟೆಯ ಸೋಸುಚೀಲದಿಂದ ತೊಟ್ಟಿಕ್ಕುವ ಕಾಫಿ ಪಾತ್ರೆಯ ಹೊರಗೆ ಬೀಳುತ್ತಿದ್ದರೂ ಅವರಿಗೆ ಪರಿವೆಯಿರಲಿಲ್ಲ. ಪಾವನಾ ಅಭ್ಯಾಸಬಲದಿಂದ ಹಾಡಿನ ಜೊತೆಗೇ ಗುನುಗುತ್ತ, ಕತ್ತರಿಸುವ ಜಾಗಕ್ಕೆ ಬಂದಾಗ ತಾನೂ ನಿಲ್ಲಿಸಿದಳು. "ನೋಡಿ ಸರ್, ಇಲ್ಲೇ ಯಾವಾಗ್ಲೂ ಕಟ್ ಆಗೋದು. ಮುಂದೆ ಏನಿದೆಯೋ, ಏಳು ವರ್ಷದಿಂದ ಕೇಳ್ತಿದೀನಿ, ಒಂದು ದಿನಕ್ಕೂ ಗೊತ್ತಾಗ್ಲಿಲ್ಲ."

"ಮುಂದೆ ಏನೂ ಇಲ್ಲ," ಎಂದರು ಮಾಸ್ಟರು. "ಅಷ್ಟೇ ಮಾಡಿದ್ದು."

"ನಿಮಗೆ ಹೇಗೆ ಗೊತ್ತು?"

ಮಾಸ್ಟರು ಒದ್ದೆಬಟ್ಟೆ ತೆಗೆದುಕೊಂಡು ಚೆಲ್ಲಿದ ಕಾಫಿ ಒರೆಸತೊಡಗಿದರು. ಮಂಡಿಗೆ ಐಸ್ ಇಟ್ಟುಕೊಂಡು ಕೂತಿದ್ದ ಲಿಜ್ಜಿಯೇ ಮೆಲ್ಲಗೆ ಹೇಳಿದರು, "ಅದು ಇವರದ್ದೇ ಪಾವನಾ. ಇವರು ಮಾಡಿದ್ದು. ಇವರೇ ನುಡಿಸಿದ್ದು."

ಅಷ್ಟರಲ್ಲಿ ಆಚೆಯವನು ವಾಪಸು ಬಂದು ಸ್ಕ್ಯಾನಿಗೆ ಮಂಜೂರಾತಿ ಕೊಟ್ಟ. ಪಾವನಾ ಯಾಂತ್ರಿಕವಾಗಿ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು. ಎಷ್ಟು ಸಾವಿರ ಸಲ ಕಿವಿಗೆ ಬಿದ್ದ ಸಂಗೀತ! ಅದನ್ನು ಒಬ್ಬ ಮನುಷ್ಯ ಮಾಡಿರಬಹುದು ಎಂಬ ಯೋಚನೆಯೇ ಅವಳಿಗೆ ಒಂದು ದಿನವೂ ಬಂದಿರಲಿಲ್ಲ. ಆ ಮನುಷ್ಯ ಇಲ್ಲಿ, ಎದುರು ಮನೆಯಲ್ಲಿ, ಒದ್ದೆಬಟ್ಟೆ ಹಿಂಡುತ್ತ ನಿಂತಿದ್ದಾನೆ.

ಕತೆ ಪೂರ್ತಿ ತಿಳಿದದ್ದು ಸ್ಕ್ಯಾನ್ ಮುಗಿದು, ಮಂಡಿಗೆ ಅಂಥದ್ದೇನೂ ಆಗಿಲ್ಲ ಎಂದು ಗೊತ್ತಾಗಿ, ಮನೆಯಲ್ಲಿ ಎಲ್ಲರೂ ಹಗುರಾದ ಮೇಲೆ. ಹೋಟೆಲಿನ ದಿನಗಳಲ್ಲಿ ಹವಲ್ಲಿಯ ಒಂದು ರೆಕಾರ್ಡಿಂಗ್ ಸ್ಟುಡಿಯೋದವನು ಅವರನ್ನು ಕರೆದಿದ್ದ. ಆಫೀಸುಗಳಿಗೆ ಟೆಲಿಫೋನ್ ಜೋಡಿಸಿಕೊಡುವ ಕಂಪನಿಯೊಂದಕ್ಕೆ ಒಂದು ಸಣ್ಣ ಸಂಗೀತ ಬೇಕಿತ್ತು. ಮುಕ್ಕಾಲು ನಿಮಿಷ ಸಾಕು, ಯಾಲ್ಲಾ ಮಾಸ್ಟರ್, ಬೇಗ ಬನ್ನಿ ಎಂದಿದ್ದ. ಮಾಸ್ಟರ ಮನಸ್ಸಿನಲ್ಲಿ ಆಗ ಒಂದು ದೊಡ್ಡ ರಚನೆ ಬೆಳೆಯುತ್ತಿತ್ತು. ಅಪ್ಪನಿಗಾಗಿ ಎಂದುಕೊಂಡಿದ್ದ ಶೋರೊ. ಬೇರೆ ಏನೂ ಹೊಳೆಯದೆ ಅದರ ಮೊದಲ ತುಣುಕನ್ನೇ ನುಡಿಸಿಕೊಟ್ಟರು. ಉಳಿದದ್ದನ್ನು ನಿಧಾನವಾಗಿ ಮಾಡಿದರಾಯಿತು ಎಂದುಕೊಂಡಿದ್ದರು.

"ಮುಂದಿನ ವರ್ಷ ಅಪ್ಪ ಆಸ್ಪತ್ರೆಗೆ ಸೇರಿದರು. ತಂಗಿ ಫೋನ್ ಮಾಡಿ, ಕೂಡಲೇ ಹೊರಡು ಅಂದಳು. ನಾನು ಟಿಕೆಟಿಗೆ ಟ್ರಾವೆಲ್ಸಿನವರಿಗೆ ಫೋನ್ ಮಾಡಿದೆ. ಹಜ್ ಸಮಯ, ಸೀಟುಗಳೇ ಇಲ್ಲ, ನೋಡ್ತೇವೆ ಅಂತ ಹೋಲ್ಡಿನಲ್ಲಿ ಹಾಕಿದರು." ಮಾಸ್ಟರು ಕಾಫಿಯ ಲೋಟವನ್ನು ಕೆಳಗಿಟ್ಟರು. "ನನ್ನದೇ ಸಂಗೀತ. ಅಪ್ಪನಿಗಾಗಿ ಮಾಡಿದ್ದು. ಸುತ್ತಿ ಸುತ್ತಿ ಅದೇ. ಆವತ್ತು ಸೀಟು ಸಿಗಲಿಲ್ಲ. ಮರುದಿನ ಅಪ್ಪ ಹೋದರು."

"ಸೀಟು ಸಿಕ್ಕಿದ್ರೂ ಇವರು ತಲುಪ್ತಾ ಇರ್ಲಿಲ್ಲ," ಎಂದರು ಲಿಜ್ಜಿ. "ಒಂದೂವರೆ ದಿವಸದ ದಾರಿ ಅದು. ಅದು ಇವರಿಗೆ ಸಾ ಗೊತ್ತುಂಟು. ಆದ್ರೆ ಮತ್ತೆ ಆ ಹಾಡನ್ನು ಮುಟ್ಟಲಿಲ್ಲ."

ಪಾವನಾ ಮನೆಗೆ ಬಂದು ಮೋಹಿತನ ಹತ್ತಿರ ಹೇಳಿಕೊಂಡಳು. ಮರುದಿನ ಕ್ಲಿನಿಕ್ಕಿನಲ್ಲಿ ಹಲ್ಲು ಶುಚಿ ಮಾಡುವ ಉಳ್ಳಾಲದ ಹಫೀಝಾಗೆ ಹೇಳಿದಳು. ಹಫೀಝಾ ಕೈಗವಸು ಕಳಚುತ್ತಿದ್ದವಳು ಹಾಗೆಯೇ ನಿಂತಳು. "ಅಲ್ಲ, ಹೋಲ್ಡ್ ಹಾಡು ಮಾಡಿದವರು ಬದುಕಿದ್ದಾರಾ? ನಾನು ಅದು ಕಂಪ್ಯೂಟರು ಅಂದ್ಕೊಂಡಿದ್ದೆ! ಅವರನ್ನು ಒಮ್ಮೆ ಕರ್ಕೊಂಡು ಬನ್ನಿ ಪಾವನಾ, ನೋಡ್ಬೇಕು."

ಮಾಸ್ಟರಿಗೆ ಇದನ್ನು ಹೇಳಿದಾಗ ಮೊದಲು ನಾಚಿಕೊಂಡರು. ಆಮೇಲೊಂದು ದಿನ, ಯಾರೂ ನಿರೀಕ್ಷಿಸದೆ ಇದ್ದಾಗ, ಒಂದು ಡಬ್ಬಿ ಬಿಸ್ಕತ್ತು ಹಿಡಿದು ಕ್ಲಿನಿಕ್ಕಿಗೆ ಬಂದೇಬಿಟ್ಟರು. ಊಟದ ಬಿಡುವು. ಹಿಂದಿನ ಸಣ್ಣ ಕೋಣೆಯಲ್ಲಿ ಎಲ್ಲರೂ ಸುತ್ತ ಸೇರಿದರು. ಫಿಲಿಪೀನ್ಸಿನ ರಿಸೆಪ್ಶನ್ ಹುಡುಗಿ ಅವರ ಜೊತೆ ಫೋಟೊ ತೆಗೆಸಿಕೊಂಡಳು. ಮಾಸ್ಟರು ಬಿಸ್ಕತ್ತು ಹಂಚುತ್ತ ಕೇಳಿದರು, "ಅದು ಕೇಳಿಸುತ್ತಿರುವಾಗ ನೀವೆಲ್ಲ ಏನು ಮಾಡುತ್ತಿರುತ್ತೀರಿ?"

ಹಫೀಝಾ ಬೆರಳ ಗೆಣ್ಣು ಎಣಿಸುತ್ತ ಅಲ್ಲಾಹನ ಹೆಸರು ಹೇಳುತ್ತಾಳಂತೆ. ರಿಸೆಪ್ಶನ್ ಹುಡುಗಿ ಕಾಗದದ ಮೇಲೆ ಬೆಕ್ಕುಗಳನ್ನು ಬಿಡಿಸುತ್ತಾಳಂತೆ. ಪಾವನಾಳ ಸರದಿ ಬಂದಾಗ ಅವಳು ಸ್ವಲ್ಪ ಯೋಚಿಸಿದಳು.

"ನಾನು ಮಾತು ಜೋಡಿಸ್ಕೊಳ್ತಿರ್ತೀನಿ ಸರ್. ಆ ಕಡೆ ಯಾರಾದ್ರೂ ಎತ್ತಿದ್ರೆ ಏನು ಹೇಳ್ಬೇಕು, ಅವರು ಬೇಡ ಅಂದ್ರೆ ಹೇಗೆ ಒಪ್ಪಿಸ್ಬೇಕು ಅಂತ. ಪೇಷಂಟ್ ನೋವಲ್ಲಿ ಕೂತಿರ್ತಾರಲ್ಲ, ನಾನು ತಡವರಿಸೋ ಹಾಗಿಲ್ಲ. ಒಂಥರಾ ತಯಾರಿ."

"ಬೇಸರ ಬರುವುದಿಲ್ಲವೇ?"

"ಮನೇಲಿ ಆರು ವರ್ಷ ಕೂತಿದ್ನಲ್ಲ, ಆಗ ಬರ್ತಿತ್ತು. ಯಾಕೆ ಕಾಯ್ತಿದೀನಿ ಅಂತ್ಲೇ ಗೊತ್ತಿರ್ಲಿಲ್ಲ. ಇದು ಹಾಗಲ್ಲ. ಹಾಡು ನಿಂತ ಕೂಡಲೇ ನನ್ನ ಕೆಲಸ ಶುರು ಆಗತ್ತೆ."

ಮಾಸ್ಟರು ಕೈಯಲ್ಲಿದ್ದ ಬಿಸ್ಕತ್ತನ್ನು ತಿನ್ನದೆ ಹಾಗೆಯೇ ಹಿಡಿದುಕೊಂಡಿದ್ದರು. "ನಾನು ಇಷ್ಟು ವರ್ಷ ಅದನ್ನು ಮುಚ್ಚಿದ ಬಾಗಿಲು ಅಂದುಕೊಂಡಿದ್ದೆ ಮಾರಾಯ್ತಿ," ಎಂದರು.

ಆ ವಾರದಿಂದಲೇ ನಾಲ್ಕನೇ ಮಹಡಿಯಲ್ಲಿ ಬೇರೊಂದು ಗಿಟಾರ್ ಕೇಳಿಸತೊಡಗಿತು. ಬೆಳಗಿನ ಹೊತ್ತು, ಪಾಠದ ಮಕ್ಕಳು ಬರುವ ಮೊದಲು. ಮೊದಲ ಭಾಗ ಪಾವನಾಳಿಗೆ ಗೊತ್ತಿದ್ದದ್ದೇ. ಅದು ಕತ್ತರಿಸುವ ಜಾಗದವರೆಗೆ ಬಂದು ನಿಲ್ಲುತ್ತಿತ್ತು. ಮತ್ತೆ ಬರುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಒಂದು ಶುಕ್ರವಾರ ಅದು ನಿಲ್ಲದೆ ನಾಲ್ಕು ಹೆಜ್ಜೆ ಮುಂದೆ ಹೋಯಿತು. ಅವಳು ದೋಸೆ ಹುಯ್ಯುತ್ತಿದ್ದವಳು ಸೌಟು ಹಿಡಿದೇ ಬಾಗಿಲಿಗೆ ಬಂದಳು. ಲಿಜ್ಜಿ ಎದುರು ಬಾಗಿಲಲ್ಲಿ ನಿಂತಿದ್ದರು. ತುಟಿಯ ಮೇಲೆ ಬೆರಳಿಟ್ಟು, ಮಾತಾಡಬೇಡಿ ಎಂದು ಸನ್ನೆ ಮಾಡಿದರು. ಅವರ ಕಣ್ಣು ತುಂಬಿತ್ತು.

ಅದನ್ನು ಜನರ ಮುಂದೆ ನುಡಿಸಬೇಕು ಎಂಬುದು ಪಾವನಾಳ ಹಟ. ನವೆಂಬರ್ ಹತ್ತಿರ ಬರುತ್ತಿತ್ತು. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಸಾಲ್ಮಿಯಾದ ಶಾಲೆಯೊಂದರ ಸಭಾಂಗಣ ಗೊತ್ತಾಗಿತ್ತು. ಮೋಹಿತ್ ಸಮಿತಿಯಲ್ಲಿದ್ದ. ಅವನನ್ನು ಮುಂದಿಟ್ಟುಕೊಂಡು ಪಾವನಾ ಸಂಘದ ಅಧ್ಯಕ್ಷ ಮುನಿಸ್ವಾಮಿಯವರ ಮನೆಗೆ ಹೋದಳು. ಕೋಲಾರದ ಕಡೆಯ ಮುನಿಸ್ವಾಮಿ ತೈಲ ಕಂಪನಿಯಲ್ಲಿ ಹಿರಿಯ ಎಂಜಿನಿಯರು. ಕಾರ್ಯಕ್ರಮದ ವಿಷಯದಲ್ಲಿ ಬಲು ಬಿಗಿ.

"ಏನಮ್ಮಾ ನೀನು ಹೇಳೋದು? ರಾಜ್ಯೋತ್ಸವದಾಗೆ ಬ್ರೆಜಿಲ್ನೋರ ಗಿಟಾರಾ? ಜನ ನನ್ನ ಸುಮ್ನೆ ಬಿಡ್ತಾರಾ?"

"ಸರ್, ಅವರ ಹೆಂಡ್ತಿ ಕಿನ್ನಿಗೋಳಿಯವರು. ನಮ್ಮ ರಾಜ್ಯದ ಅಳಿಯ ಅಲ್ವಾ?"

ಮುನಿಸ್ವಾಮಿಯವರ ಹೆಂಡತಿ ಪದ್ಮಮ್ಮ ಒಳಗಿನಿಂದ ಕೋಡುಬಳೆಯ ತಟ್ಟೆ ತಂದಿಟ್ಟು ಮಾತಿಗೆ ಬಾಯಿ ಹಾಕಿದರು. "ಅಳಿಯನ್ನ ಮನೆ ಹಬ್ಬಕ್ಕೆ ಕರೀದೆ ಇನ್ಯಾವುದಕ್ಕೆ ಕರೀತಾರಂತೆ? ಕನ್ನಡ ಏನಾದ್ರೂ ಬರತ್ತಾ ಅವರಿಗೆ?"

"ಊಟ ಆಯ್ತಾ ಅಂತ ಕೇಳ್ತಾರೆ," ಎಂದ ಮೋಹಿತ್.

"ಇನ್ನೇನು ಬೇಕು ಮತ್ತೆ! ಇಲ್ಲಿ ಹುಟ್ಟಿದ ನಮ್ಮ ಮೊಮ್ಮಕ್ಕಳು ಅದನ್ನೂ ಕೇಳಲ್ಲ."

ಮುನಿಸ್ವಾಮಿ ಹೆಂಡತಿಯನ್ನೊಮ್ಮೆ, ಕೋಡುಬಳೆಯನ್ನೊಮ್ಮೆ ನೋಡಿ, "ಆಯ್ತು ಬಿಡಮ್ಮ. ಐದು ನಿಮಿಷ. ಮಕ್ಕಳ ಡ್ಯಾನ್ಸ್ ಆದ್ಮೇಲೆ, ಮಿಮಿಕ್ರಿಗೆ ಮುಂಚೆ," ಎಂದರು.

ಮಾಸ್ಟರನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು. ಹೋಟೆಲಿನಲ್ಲಿ ಹದಿನೆಂಟು ವರ್ಷ ನುಡಿಸಿದ್ದು ಚಹಾ ಕುಡಿಯುವವರ ಬೆನ್ನಿಗೆ. ಸುಮ್ಮನೆ ಕೂತು ತಮ್ಮನ್ನೇ ನೋಡುವ ನಾಲ್ಕುನೂರು ಜನರ ಮುಂದೆ ತಮ್ಮದೇ ರಚನೆಯನ್ನು ಅವರು ಬದುಕಿನಲ್ಲಿ ಒಮ್ಮೆಯೂ ನುಡಿಸಿರಲಿಲ್ಲ. ಬೇಡ ಎಂದರು. ಬೆರಳು ಪೆಡಸಾಗಿದೆ ಎಂದರು. ಕೊನೆಗೆ ಲಿಜ್ಜಿ ಕೋಲೂರಿಕೊಂಡು ಎದ್ದು ನಿಂತು, ಪಾವನಾಳಿಗೂ ಕೇಳಲಿ ಎಂದು ಕನ್ನಡದಲ್ಲೇ ಹೇಳಿದರು.

"ನೋಡು ಆನ್ಸು, ನನಗೆ ಈ ಮಂಡಿಯಲ್ಲಿ ಸಭೆಗೆ ಹೋಗಿ ಕೂತುಕೊಳ್ಳುದು ಸುಲಭ ಅಲ್ಲ. ಆದ್ರೂ ನಾನು ಹೋಗ್ತೇನೆ. ನೀನು ಬರದಿದ್ರೆ ನಾನೇ ಸ್ಟೇಜಿಗೆ ಹತ್ತಿ, ನನ್ನ ಗಂಡ ಹೆದರಿ ಮನೆಯಲ್ಲಿ ಕೂತಿದ್ದಾರೆ ಅಂತ ಮೈಕಿನಲ್ಲಿ ಹೇಳ್ತೇನೆ."

ಅವರಿಗೆ ಕನ್ನಡ ಪೂರ್ತಿ ಅರ್ಥವಾಗಲಿಲ್ಲ. ಹೆಂಡತಿ ಕೋಲು ಕುಟ್ಟಿದ ರೀತಿಯೇ ಸಾಕಾಯಿತು.

ಕಾರ್ಯಕ್ರಮದ ದಿನ ಸಭಾಂಗಣ ತುಂಬಿ, ಹಿಂದೆ ಗೋಡೆಗೊರಗಿ ನಿಂತವರೂ ಇದ್ದರು. ನಿಧಿಯ ತಂಡದ ನೃತ್ಯ ಮುಗಿಯಿತು. ನಿರೂಪಕಿ ಮಾಸ್ಟರ ಹೆಸರನ್ನು ಅಂಜನಪ್ಪ ಎಂದು ಓದಿ, ತಡವರಿಸಿ, ಆನ್ಸೆಲ್ಮೊ ಎಂದು ತಿದ್ದಿಕೊಂಡಳು. ಬಿಳಿ ಪಂಚೆ ಉಟ್ಟು, ಹೆಗಲ ಮೇಲೆ ಶಲ್ಯ ಹೊದ್ದು ಮಾಸ್ಟರು ಬಂದರು. ಪದ್ಮಮ್ಮನೇ ಉಡಿಸಿ ಕಳಿಸಿದ್ದು. ಕುರ್ಚಿಯಲ್ಲಿ ಕೂತು, ಮೈಕನ್ನು ಬಗ್ಗಿಸಿಕೊಂಡು ಸಭೆಯನ್ನು ಕೇಳಿದರು: "ಊಟ ಆಯ್ತಾ?"

ಸಭೆ ಗೊಳ್ಳೆಂದಿತು. ಊಟ ಇನ್ನೂ ಆಗಿರಲಿಲ್ಲ, ಬಿಸಿಬೇಳೆಬಾತಿನ ವಾಸನೆ ಆಗಲೇ ಒಳಗೆ ಬರುತ್ತಿತ್ತು. ಆ ನಗು ಇಳಿಯುವ ಮೊದಲೇ ಅವರು ನುಡಿಸತೊಡಗಿದರು.

ಮೂರು ಸ್ವರ ಮೇಲೇರಿದವು, ಇಳಿದವು. ಮೊದಲು ಮುಂದಿನ ಸಾಲಿನ ಯಾರೋ ಹೆಂಗಸು ಪಕ್ಕದವರ ಕಡೆ ತಿರುಗಿದಳು. ಆಮೇಲೆ ನಡುವಿನ ಸಾಲಿನಲ್ಲಿ ಇಬ್ಬರು, ಮೂವರು. ಆಸ್ಪತ್ರೆಯ ನರ್ಸುಗಳು, ಔಷಧದಂಗಡಿಯವರು, ಗ್ಯಾರೇಜುಗಳಲ್ಲಿ ಕೂತು ಇನ್ಶೂರೆನ್ಸಿಗೆ ಫೋನ್ ಮಾಡುವವರು, ಮಗುವಿನ ಬಿಲ್ಲಿಗಾಗಿ ಕಾದವರು, ಎಲ್ಲರೂ ಆ ಹಾಡನ್ನು ಕೇಳಿದವರೇ. ಗುರುತು ಸಾಲಿನಿಂದ ಸಾಲಿಗೆ ಹರಡುವುದು ಪಾವನಾಳ ಕಣ್ಣಿಗೆ ಕಾಣುತ್ತಿತ್ತು. "ಅರೆ, ಇದು ಅದೇ ಅಲ್ವಾ?" ಎಂದು ಯಾರೋ ಗಟ್ಟಿಯಾಗಿಯೇ ಅಂದರು. ಕತ್ತರಿಸುವ ಜಾಗ ಹತ್ತಿರ ಬಂದಾಗ ಹಿಂದಿನ ಗೋಡೆಯ ಬಳಿಯಿಂದ ಹಫೀಝಾ, ತಡೆಯಲಾಗದೆ, ಫೋನಿನ ಹೆಣ್ಣಿನ ದನಿಯಲ್ಲೇ ಕೂಗಿದಳು: "ಲಹ್ಜಾ, ಮಿನ್ ಫದ್ಲಕ್!" ಒಂದು ಕ್ಷಣ, ದಯವಿಟ್ಟು.

ಇಡೀ ಸಭಾಂಗಣ ನಕ್ಕಿತು. ಮಾಸ್ಟರೂ ನಕ್ಕರು. ತಂತಿಗಳ ಮೇಲೆ ಅಂಗೈಯಿಟ್ಟು ಸದ್ದು ಅಡಗಿಸಿ, ನಗು ಮುಗಿಯಲಿ ಎಂದು ತಾಳಿದರು. ಆಮೇಲೆ ಅಲ್ಲಿಂದಲೇ ಮುಂದಕ್ಕೆ ಹೊರಟರು.

ಆಮೇಲಿನದ್ದನ್ನು ಹೇಳುವುದು ಪಾವನಾಳಿಗೆ ಇವತ್ತಿಗೂ ಕಷ್ಟ. ಇಣುಕಿ ನೋಡಿ ಹಿಂದೆ ಸರಿಯುತ್ತಿದ್ದ ಸ್ವರಗಳು ಈಗ ಹಿಂದೆ ಸರಿಯಲಿಲ್ಲ, ಒಳಗೆ ಬಂದವು. ಕೆಳಗಿನ ದಪ್ಪ ತಂತಿ ನಡಿಗೆಯನ್ನು ಚುರುಕು ಮಾಡಿತು. ಒಂದು ಕಡೆ ಹಾಡು ತೀರಾ ಸಣ್ಣಗಾಗಿ, ಒಂದೇ ತಂತಿಯ ಮೇಲೆ ನಿಂತು, ಏನನ್ನೋ ನೆನಪು ಮಾಡಿಕೊಳ್ಳುವಂತೆ ತಡೆಯಿತು. ಮುಂದಿನ ಸಾಲಿನಲ್ಲಿ ಲಿಜ್ಜಿ ಕೋಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದರು. ಅಪ್ಪನ ಜಾಗ ಅದೇ ಇರಬೇಕು ಎಂದುಕೊಂಡಳು ಪಾವನಾ. ಅಲ್ಲಿಂದ ಅದು ಮತ್ತೆ ತಲೆಯೆತ್ತಿ, ಮಾತು ಜೋಡಿಸಿಕೊಂಡವರಂತೆ ಒಂದೊಂದೇ ಹೆಜ್ಜೆ ಗಟ್ಟಿಯಾಗಿ ಇಡುತ್ತ, ಕೊನೆಗೆ ಓಡತೊಡಗಿತು. ಮಕ್ಕಳು ಕಾಲು ಕುಣಿಸುತ್ತಿದ್ದರು. ಪಂಚೆಯೊಳಗೆ ಮಾಸ್ಟರ ಕಾಲೂ ಕುಣಿಯುತ್ತಿತ್ತು.

ಮುಗಿಯಿತೆಂದು ಮೊದಲು ಯಾರಿಗೂ ಹೊಳೆದಂತಿರಲಿಲ್ಲ. ಆಮೇಲೆ ಚಪ್ಪಾಳೆ ಬಿತ್ತು. ಮುನಿಸ್ವಾಮಿ ಮೊದಲು ಎದ್ದು ನಿಂತವರು. ಮಾಸ್ಟರು ಗಿಟಾರನ್ನು ಎದೆಗೆ ಹಿಡಿದುಕೊಂಡು, ಈ ಸದ್ದನ್ನು ಏನು ಮಾಡಬೇಕೆಂದು ತಿಳಿಯದೆ, ಪಕ್ಕದಲ್ಲಿ ಕಾಯುತ್ತಿದ್ದ ಮಿಮಿಕ್ರಿಯವನ ಕೈ ಕುಲುಕಿ ಬಂದುಬಿಟ್ಟರು.

ಇದರಿಂದ ಮಾಸ್ಟರು ಜಗತ್ಪ್ರಸಿದ್ಧರೇನೂ ಆಗಲಿಲ್ಲ. ಯಾರೋ ಮಾಡಿದ ವಿಡಿಯೊ ಕುವೈತಿನ ಕನ್ನಡಿಗರ, ಮಲಯಾಳಿಗಳ ಫೋನುಗಳಲ್ಲಿ ಸುತ್ತಿತು. ಅರ್ದಿಯಾದಲ್ಲಿ ಗೋದಾಮು ನೋಡಿಕೊಳ್ಳುವ ಮೊಯ್ದೀನ್ ಕುಂಞಿ ಎಂಬವರು, ತಮ್ಮ ಕೆಲಸಗಾರರಿಗೆ ಶುಕ್ರವಾರ ಒಮ್ಮೆ ಬಂದು ನುಡಿಸಬೇಕು ಎಂದು ಕರೆದರು. ಮಾಸ್ಟರು ಹೋಗಿ ನುಡಿಸಿ, ಬಿರಿಯಾನಿ ತಿಂದು ಬಂದರು. ಹವಲ್ಲಿಯ ಸಂಗೀತ ಶಾಲೆಯವರು ಅವರ ರಚನೆಗಳಿಗೇ ಒಂದು ಸಂಜೆ ಇಡೋಣ ಎಂದರು. ಇಪ್ಪತ್ತೈದು ವರ್ಷದಿಂದ ತಲೆಯಲ್ಲೇ ಇದ್ದ ಹತ್ತಾರು ರಚನೆಗಳು ಒಂದೊಂದಾಗಿ ಹೊರಗೆ ಬರತೊಡಗಿದವು. ಜನವರಿಯಲ್ಲಿ ಆ ಇನ್ಶೂರೆನ್ಸ್ ಕಂಪನಿ ಹೊಸ ಫೋನ್ ವ್ಯವಸ್ಥೆ ಹಾಕಿಸಿತು. ಈಗ ಹೋಲ್ಡಿನಲ್ಲಿ ಟುಂಯ್ ಟುಂಯ್ ಎನ್ನುವ ಏನೋ ಒಂದು ಬರುತ್ತದೆ. ಪಾವನಾ ಬೇಸರದಿಂದ ಸುದ್ದಿ ಹೇಳಿದರೆ ಮಾಸ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಜುಲೈನಲ್ಲಿ ಶಾಲೆಗಳಿಗೆ ರಜೆ ಬಿದ್ದಾಗ ಗಂಡಹೆಂಡತಿ ಬ್ರೆಜಿಲಿಗೆ ಹೊರಟರು. ಲಿಜ್ಜಿ ಗಂಡನ ಊರು ನೋಡಿದ್ದು ಅದೇ ಮೊದಲು. ಅಪ್ಪನ ಅಂಗಡಿಯನ್ನು ಈಗ ತಂಗಿಯ ಮಗ ನಡೆಸುತ್ತಿದ್ದಾನೆ, ಅಲ್ಲೇ ಕೂತು ಮಾಸ್ಟರು ಪೂರ್ತಿ ಶೋರೊ ನುಡಿಸಿದರು ಎಂದು ಸುದ್ದಿ ಬಂತು. ಒಂದು ಮಧ್ಯಾಹ್ನ ವಿಡಿಯೊ ಕಾಲ್ ಬಂದಾಗ ಪಾವನಾ ನಿಧಿಯನ್ನೂ ಪಕ್ಕಕ್ಕೆ ಕೂರಿಸಿಕೊಂಡಳು. ಪರದೆಯಲ್ಲಿ ಸ್ವೆಟರ್ ಹಾಕಿ, ತಲೆಗೆ ಮಫ್ಲರ್ ಸುತ್ತಿಕೊಂಡ ಲಿಜ್ಜಿ.

"ಇಲ್ಲಿ ಚಳಿ ಮಾರಾಯ್ರೆ! ಜುಲೈಯಲ್ಲಿ ಎಲ್ಲಿಯಾದ್ರೂ ಚಳಿ ಉಂಟಾ? ಕರಿಬೇವು ಎಲ್ಲಿಯೂ ಸಿಗುದಿಲ್ಲ. ಇವರು ನೋಡಿದ್ರೆ ಊರಿನ ಬ್ಯಾಂಡಿನವರ ಹತ್ತಿರ ಜಗಳ ಮಾಡ್ತಾ ಇದ್ದಾರೆ. ಅವರಿಗೆ ಈ ಹಾಡನ್ನು ತುತ್ತೂರಿಯಲ್ಲಿ ಬಾರಿಸ್ಬೇಕಂತೆ."

ಹಿಂದಿನಿಂದ ಮಾಸ್ಟರ ದನಿ ಪೋರ್ಚುಗೀಸಿನಲ್ಲಿ ಏರುತ್ತ ಇಳಿಯುತ್ತ ಕೇಳಿಸುತ್ತಿತ್ತು. ಯಾರೋ ತುತ್ತೂರಿ ಊದಿ ತೋರಿಸಿದರು. ಸ್ವರ ತಪ್ಪಿತು, ಎಲ್ಲರೂ ನಕ್ಕರು.

"ಬೇಡ ಅಂದ್ರಾ ಸರ್?" ಎಂದು ಕೇಳಿದಳು ಪಾವನಾ.

"ಎಲ್ಲಿ ಬೇಡ ಹೇಳ್ತಾರೆ! ನಾಳೆ ರಿಹರ್ಸಲ್ ಉಂಟಂತೆ," ಎಂದು ಲಿಜ್ಜಿ ಮಫ್ಲರನ್ನು ಬಿಗಿ ಮಾಡಿಕೊಂಡರು. "ನಾನು ಹೋಗ್ತೇನೆ ಪಾವನಾ. ಅಷ್ಟು ಜನಕ್ಕೆ ಕಾಫಿ ಮಾಡ್ಬೇಕಲ್ಲ."